ಮೈಮೇಲಿನ ಹೊಲಿಗೆ

"ನೀವು ಪುಣ್ಯವಂತ್ರ ಅದೀರಿ, ರಾಜಮತಿ ಅಕ್ಕಾರ" ಎಂದು ಈಗ ಊರಿನವರೆಲ್ಲ ನನಗೆ ಹೇಳುತ್ತಾರೆ. ನಮ್ಮ ಜೈನ ಬಸ್ತಿಯ ಮೆಟ್ಟಿಲ ಮೇಲೆ ಹೇಳುತ್ತಾರೆ, ಹಾಲು ಹಾಕಲು ಬಂದಾಗ ಹೇಳುತ್ತಾರೆ, ಹಿಟ್ಟಿನ ಗಿರಣಿಯಲ್ಲಿ ನನ್ನ ಪಾಳಿಯನ್ನು ಮುಂದೆ ಬಿಟ್ಟುಕೊಟ್ಟು ಹೇಳುತ್ತಾರೆ. ಆ ಪುಣ್ಯ ಯಾರಿಗಾದರೂ ಬೇಕಿದ್ದರೆ ಅಲ್ಲೇ ಸೆರಗಿನ ಗಂಟು ಬಿಚ್ಚಿ ಕೊಟ್ಟುಬಿಡುತ್ತಿದ್ದೆ. ಆದರೆ ಯಾರೂ ಕೇಳುವುದಿಲ್ಲ. ಅವರ ಹೆಣ್ಣುಮಕ್ಕಳು ಅವರವರ ಮನೆಯಲ್ಲಿ ಟಿವಿ ನೋಡುತ್ತ ಕೂತಿದ್ದಾರೆ.

ನಾನು ಬೇಡಕಿಹಾಳದಲ್ಲಿ ಬಟ್ಟೆ ಹೊಲಿಯುವವಳು. ವರ್ಷವಿಡೀ ಜಂಪರು, ಫಾಲು, ಪಿಕೋ. ಡಿಸೆಂಬರ ಬಂತೆಂದರೆ ಗ್ಯಾದರಿಂಗಿನ, ವಾರ್ಷಿಕೋತ್ಸವದ ಹುಚ್ಚು ಶುರು. ನಿಪ್ಪಾಣಿ, ಚಿಕ್ಕೋಡಿ ಕಡೆಯ ಶಾಲೆ ಕಾಲೇಜುಗಳ ಹುಡುಗಿಯರ ಡಾನ್ಸಿನ ಡ್ರೆಸ್ಸುಗಳೆಲ್ಲ ನನ್ನ ಪಡಸಾಲೆಯಲ್ಲಿಯೇ ತಯಾರಾಗುತ್ತವೆ. ಕೊಲ್ಹಾಪುರದ ಡ್ರೆಪರಿ ಅಂಗಡಿಯಿಂದ ಬಾಡಿಗೆಗೂ ತರಬಹುದು, ಯಾರು ಬೇಡ ಅನ್ನುತ್ತಾರೆ? ಹಿಂದೆ ಹಾಕಿಕೊಂಡವರ ಬೆವರಿನ ವಾಸನೆ, ಅರ್ಧ ಉದುರಿದ ಟಿಕಳಿ, ಪಿನ್ನು ಚುಚ್ಚಿ ಚುಚ್ಚಿ ಜರಡಿಯಾದ ಸೊಂಟಪಟ್ಟಿ ಎಲ್ಲ ಪುಕ್ಕಟೆ ಸಿಗುತ್ತವೆ. ನನ್ನ ಕೈಯಿಂದ ಅಂಥದ್ದು ಹೊರಗೆ ಹೋಗುವುದಿಲ್ಲ. ಸೊಕ್ಕು ಅನ್ನಿ, ಇರಲಿ.

ಪ್ರಾಜಕ್ತಾ ನನ್ನ ಒಬ್ಬಳೇ ಮಗಳು. ನಡೆಯುವುದಕ್ಕಿಂತ ಮೊದಲು ಕುಣಿದವಳು ಅಂದರೂ ನಡೆಯುತ್ತದೆ. ಒಂದನೇ ಇಯತ್ತೆಯ ಗ್ಯಾದರಿಂಗಿನಲ್ಲಿ ಅವಳು ಗಿರ್ರೆಂದು ತಿರುಗಿದ ರಭಸಕ್ಕೆ ಹುಕ್ಕು ಹಾರಿ ಘಾಗ್ರಾ ಜಾರಿತ್ತು, ಒಂದು ಕೈಯಲ್ಲಿ ಅದನ್ನು ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಹಾಡು ಮುಗಿಯುವವರೆಗೂ ಕುಣಿದಿದ್ದಳು. ಅವತ್ತಿನಿಂದ ನಾನು ಅವಳ ಡ್ರೆಸ್ಸಿಗೆ ಹುಕ್ಕು, ಟಿಚ್ ಬಟನ್ನು ಯಾವುದನ್ನೂ ನಂಬಲಿಲ್ಲ. ಸ್ಟೇಜಿಗೆ ಹೋಗುವ ಮೊದಲು ಸೊಂಟದ ಹತ್ತಿರ, ಬೆನ್ನಿನ ಹತ್ತಿರ ಮೈಮೇಲೆಯೇ ಸೂಜಿದಾರದಿಂದ ನಾಲ್ಕು ಟಾಕಾ ಹಾಕಿಬಿಡುತ್ತಿದ್ದೆ.

ನನ್ನ ಅತ್ತೆಗೆ ಅದು ಸೇರುತ್ತಿರಲಿಲ್ಲ. "ಮೈಮ್ಯಾಲ ಹೊಲಿಯೋದು ಹೆಣಕ್ಕಷ್ಟ. ಜೀವ ಇದ್ದಾಕಿ ಬಾಯಾಗ ಒಂದ ದಾರಾನರೆ ಕಚ್ಚಲಿ" ಎನ್ನುತ್ತಿದ್ದರು. ಅದಕ್ಕೆ ಸೂಜಿ ಹಿಡಿಯುವ ಮೊದಲು ನಾನು ಒಂದು ತುಂಡು ದಾರ ಹರಿದು ಪ್ರಾಜಕ್ತಾಳ ಬಾಯಿಗೆ ಕೊಡುತ್ತಿದ್ದೆ. ಅವಳು ಅದನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಮಾತಾಡಲಾಗದೆ ಮೂಗಿನಿಂದಲೇ ಹಾಡಿನ ತಾಳ ಹಾಕುತ್ತ ನಿಲ್ಲುತ್ತಿದ್ದಳು. ಕೊನೆಯ ಗಂಟು ಬಿದ್ದ ಮೇಲೆ ನಾನು ಅಂಗೈ ಒಡ್ಡಿ "ಉಗಳ" ಎನ್ನುತ್ತಿದ್ದೆ. ಅವಳು ಒದ್ದೆ ದಾರವನ್ನು ನನ್ನ ಅಂಗೈಗೆ ಉಗುಳಿ ಸ್ಟೇಜಿಗೆ ಓಡುತ್ತಿದ್ದಳು. ಅತ್ತೆ ಸತ್ತ ಮೇಲೂ ನಾವಿಬ್ಬರು ಅದನ್ನು ಬಿಡಲಿಲ್ಲ.

ಮುನಿಸಂಘ ಮಳೆಗಾಲಕ್ಕೆ ನಮ್ಮೂರಲ್ಲಿ ಉಳಿದ ವರ್ಷ ಪ್ರಾಜಕ್ತಾ ಬಸ್ತಿಯಲ್ಲಿ ಹೆಚ್ಚು ಹೊತ್ತು ಇರತೊಡಗಿದಳು. ಮೊದಲು ಬಟಾಟಿ, ಉಳ್ಳಾಗಡ್ಡಿ ಬಿಟ್ಟಳು. ಆಮೇಲೆ ರಾತ್ರಿಯ ನೀರು. ಆಮೇಲೆ ಚರ್ಮದ ಚಪ್ಪಲಿ, ರೇಷ್ಮೆ ಸೀರೆ. ನಮ್ಮ ಮನೆಗಳಲ್ಲಿ ಇದಕ್ಕೆಲ್ಲ ಯಾರೂ ಹೆದರುವುದಿಲ್ಲ, ಇನ್ನೂ ನಾಲ್ಕು ಜನರ ಮುಂದೆ ಹೇಳಿಕೊಂಡು ಹಿಗ್ಗುತ್ತೇವೆ. ನಾನೂ ಹಿಗ್ಗಿದೆ. ಬಿಡುತ್ತ ಬಿಡುತ್ತ ಅವಳು ನನ್ನನ್ನು ಬಿಡುವ ಪಾಳಿಗೆ ಬರುತ್ತಿದ್ದಾಳೆ ಎಂದು ಯಾವ ತಾಯಿಗೆ ಹೊಳೆಯಬೇಕು? ಈ ದೀಪಾವಳಿಯ ಮರುದಿನ, ಬಿ.ಎಸ್ಸಿ ಕೊನೆಯ ವರ್ಷದಲ್ಲಿರುವಾಗ, ತಾನು ಆರ್ಯಿಕೆಯಾಗುತ್ತೇನೆ, ದೀಕ್ಷೆ ತೆಗೆದುಕೊಳ್ಳುತ್ತೇನೆ ಎಂದಳು.

ಆರ್ಯಿಕೆ ಅಂದರೆ ಒಂದು ಬಿಳಿ ಸೀರೆ. ಮನೆ ಇಲ್ಲ, ಹಾಸಿಗೆ ಇಲ್ಲ, ದಿನಕ್ಕೊಂದೇ ಊಟ, ತಲೆಗೂದಲನ್ನು ಕೈಯಿಂದಲೇ ಕಿತ್ತು ಹಾಕುವುದು, ಬರಿಗಾಲಲ್ಲಿ ಊರೂರು ನಡೆಯುವುದು. ನಮ್ಮೂರಿಗೆ ಬಂದರೂ ನಮ್ಮ ಮನೆಗೆ ಬಂದ ಹಾಗಲ್ಲ. ನಾನು ಬೇರೆಯವರ ಮಗಳನ್ನು ಅಂಥ ಸೀರೆಯಲ್ಲಿ ನೋಡಿ ವಂದಾಮಿ ಮಾತಾಜಿ ಎಂದು ಎಷ್ಟು ಸಲ ಕೈ ಮುಗಿದಿದ್ದೇನೋ. ನನ್ನ ಮಗಳ ಮುಂದೆ ಹಾಗೆ ಕೈ ಮುಗಿಯುವುದು ನನ್ನಿಂದಾಗದು ಎಂದುಕೊಂಡೆ.

ತಂದೆ ತಾಯಿಯ ಒಪ್ಪಿಗೆ ಇಲ್ಲದೆ ದೀಕ್ಷೆ ಕೊಡುವುದಿಲ್ಲ ಎಂದು ಸಂಘದ ಆಚಾರ್ಯರು ಹೇಳಿದ್ದರು. ನನ್ನ ಗಂಡ ಶ್ರೀಪಾಲ ಅವರು ಕೆಲವು ದಿನ ಕಬ್ಬಿನ ಹೊಲದಲ್ಲಿಯೇ ಕೂತರು, ಆಮೇಲೆ ಬಂದು ಹೂಂ ಅಂದುಬಿಟ್ಟರು. ಉಳಿದವಳು ನಾನೊಬ್ಬಳು. ಗೋಳಾಡಿದೆ, ಬಡಿದುಕೊಂಡೆ, ಊಟ ಬಿಟ್ಟೆ. ಊಟ ಬಿಡುವುದರಲ್ಲಿ ಅವಳನ್ನು ಸೋಲಿಸಲು ನನ್ನಿಂದಾಗಲಿಲ್ಲ.

"ಅವ್ವಾ, ನಾ ಸಿಟ್ಟ ಮಾಡ್ಕೊಂಡ ಹೊಂಟಿಲ್ಲ. ಇಲ್ಲೆ ನನಗ ಏನೂ ಕಮ್ಮಿ ಆಗಿಲ್ಲ" ಎಂದಳು.

"ಹಂಗಾರ ಈ ವರ್ಷದ ಗ್ಯಾದರಿಂಗದಾಗ ಒಂದ ಸಲ ಕುಣಿ. ನಾ ಹೊಲದದ್ದ ಹಾಕ್ಕೊಂಡ ಕುಣಿ. ಅದಾದ ಮ್ಯಾಲೂ ಹೋಗ್ತೀನಿ ಅಂದ್ರ ನಾ ಅಡ್ಡ ಬರಾಂಗಿಲ್ಲ."

"ಖರೇನ?"

"ಖರೇ."

ಗಾಳ ಹಾಕುವ ಮಾತು ನಮ್ಮಂಥವರ ಬಾಯಲ್ಲಿ ಬರಬಾರದು. ಆದರೆ ನಾನು ಹಾಕಿದ್ದು ಗಾಳವೇ. ಕುಣಿತದ ಹುಚ್ಚು ಹತ್ತಿದವಳನ್ನು ಕುಣಿತದಿಂದಲೇ ಹಿಡಿಯಬೇಕು ಎಂದು ಲೆಕ್ಕ ಹಾಕಿದೆ. ಆ ಡ್ರೆಸ್ಸು ಮೈಮೇಲೆ ಬಿದ್ದರೆ ಅವಳಿಗೆ ಈ ಲೋಕ ಮತ್ತೆ ಬೇಕೆನಿಸಬೇಕು. ಹಾಗೆ ಹೊಲಿಯಬೇಕು. ಇಷ್ಟು ವರ್ಷ ಕಲಿತ ವಿದ್ಯೆ ಇದೊಂದಕ್ಕೆ ಉಪಯೋಗಕ್ಕೆ ಬರದಿದ್ದರೆ ಮಶೀನನ್ನು ದೂಧಗಂಗೆಯಲ್ಲಿ ಎಸೆದುಬಿಡುತ್ತೇನೆ ಎಂದುಕೊಂಡೆ.

ನಿಪ್ಪಾಣಿಯ ಅವಳ ಕಾಲೇಜಿನಲ್ಲಿ ಈ ವರ್ಷ ಹುಡುಗಿಯರು ಕೂಡಿಸಿದ್ದು ನಮ್ಮ ಕಡೆಯ ಹೊಳೆಗಳ ಡಾನ್ಸು. ವೇದಗಂಗಾ, ದೂಧಗಂಗಾ, ಪಂಚಗಂಗಾ, ಹಿರಣ್ಯಕೇಶಿ ಒಬ್ಬೊಬ್ಬರಾಗಿ ಬಂದು ಕೊನೆಗೆ ಕೃಷ್ಣೆಯ ದಾರಿ ಹಿಡಿದು ಹೊರಡುವುದು. ಪ್ರಾಜಕ್ತಾ ದೂಧಗಂಗಾ. ಹೆಜ್ಜೆ ಕಲಿಸಿದವಳೂ ಅವಳೇ. ಪ್ರತಿ ಹೊಳೆಗೆ ಒಂದು ಬಣ್ಣ, ಅದರ ಹಿಂದೆ ಬರುವ ಹುಡುಗಿಯರಿಗೆ ಅದೇ ಬಣ್ಣದ ತಿಳಿ ಛಾಯೆ ಎಂದು ನಾನು ಮೊದಲೇ ಕಾಗದದ ಮೇಲೆ ಬರೆದಿಟ್ಟಿದ್ದೆ. ಅರಿವೆ ತರಲು ಇಬ್ಬರೂ ಇಚಲಕರಂಜಿಗೆ ಹೋದೆವು. ಅಲ್ಲಿ ಮಗ್ಗದವರ ಹತ್ತಿರ ತೂಕದ ಮೇಲೆ ಸಿಗುತ್ತದೆ, ಆರಿಸುವ ಕಣ್ಣು ಇರಬೇಕು ಅಷ್ಟೇ.

ಅಂಗಡಿಯಲ್ಲಿ ಅವಳು ಒಂದು ಬಿಳಿ ಥಾನಿನ ಮೇಲೆ ಕೈಯಿಟ್ಟಳು.

"ದೂಧಗಂಗಾ ಅಂದ್ರ ಹಾಲು. ಬಿಳೇದ ಬೇಕಲ್ಲೇನವ್ವಾ?"

ನನಗೆ ತಲೆಗೆ ರಕ್ತ ಏರಿತು. "ಆಷಾಢದಾಗ ದಂಡಿಗೆ ಹೋಗಿ ನೋಡೀಯೇನ? ಮಣ್ಣ ಕಲಿಸ್ಕೊಂಡ ಕೆಂಪಗ ಕುಂಕುಮದಂಗ ಹರೀತಾಳ. ಯಾವಾಗ ಬೆಳ್ಳಗ ಇದ್ದಾಳಾಕಿ? ಹೆಸರಿಟ್ಟಾವ ಹೊಳೀನ ನೋಡಿಲ್ಲ."

ಅಂಗಡಿಯವನು ಗಾಬರಿಯಾಗಿ ಮರಾಠಿಯಲ್ಲಿ ಏನಾಯಿತೆಂದು ಕೇಳಿದ. ಪ್ರಾಜಕ್ತಾ ನಗತೊಡಗಿದಳು. "ತಗೋ, ಕೆಂಪ ಇರ್ಲಿ. ಬಿಳೇದ ಉಡೋದ ಇನ್ನ ಮುಂದ ಇದ್ದ ಐತಿ" ಎಂದಳು. ಅವಳು ಅದನ್ನು ಚೇಷ್ಟೆಗೆ ಅಂದಳು. ನಾನು ಥಾನಿನ ಹಿಂದೆ ಮುಖ ಮಾಡಿ ಕಣ್ಣು ಒರೆಸಿಕೊಂಡೆ. ರೇಷ್ಮೆ ಬೇಡ, ಹುಳ ಕುದಿಸಿದ್ದು ಬೇಡ ಎಂದು ಅವಳು ಹೇಳುವ ಮೊದಲೇ ನಾನು ಹುಳವಿಲ್ಲದ ಕೆಂಪು ಸಾಟಿನ್ನು ಆರಿಸಿದ್ದೆ. ಮೇಲೆ ತೆಳುವಾದ ಜಾಳಿಗೆಯಂಥ ಅರಿವೆ, ಅಂಚಿಗೆ ಅಗಲ ಜರಿ.

ಉಳಿದ ಹುಡುಗಿಯರ ಡ್ರೆಸ್ಸನ್ನು ನಾನು ಕತ್ತರಿಸಿ ಕೊಟ್ಟರೆ ಸುಂದರಾ ಹೊಲಿಯುತ್ತಿದ್ದಳು. ಸುಂದರಾ ನಮ್ಮ ಊರಿನವಳೇ, ಬಹಳ ವರ್ಷಗಳಿಂದ ನನ್ನ ಎದುರು ಮಶೀನಿನಲ್ಲಿ ಕೂಡುವವಳು. ಪ್ರಾಜಕ್ತಾಳದನ್ನು ಮಾತ್ರ ನಾನು ಯಾರಿಗೂ ಮುಟ್ಟಗೊಡಲಿಲ್ಲ. ಘಾಗ್ರಾಕ್ಕೆ ಕೆಳಗೆ ಅಗಲವಾಗುವ ಪಟ್ಟಿ, ಕಳಿಯ ಮೇಲೆ ಕಳಿ ಜೋಡಿಸಿದೆ, ತಿರುಗಿದರೆ ನೆರೆಯ ನೀರು ದಂಡೆ ಮೀರಿದ ಹಾಗೆ ಹರಡಬೇಕು. ಅಸ್ತರವನ್ನು ಮೆತ್ತಗಿನ ಮಲಮಲ್ಲಿನಿಂದ ಹಾಕಿದೆ, ಮೈಗೆ ಹಿತವೆನಿಸಬೇಕು. ಚೋಳಿಯ ಕೈಗೆ ಸಣ್ಣ ಗೊಂಡೆಗಳನ್ನು ಕಟ್ಟಿದೆ, ಅವಳು ಚಿಕ್ಕವಳಿದ್ದಾಗ ಅವುಗಳಿಗೆ ಜೀವ ಬಿಡುತ್ತಿದ್ದಳು.

ಆದರೆ ನಾನು ಟೇಪು ಹಿಡಿದಾಗಲೆಲ್ಲ ಅವಳು ಕಡಿಮೆಯಾಗಿರುತ್ತಿದ್ದಳು. ಹಿಂದಿನ ಸಲ ಸರಿಯಾಗಿ ಕೂತ ಸೊಂಟ ಈ ಸಲ ಸಡಿಲ. ಒಂದು ಹೊತ್ತಿನ ಊಟ, ನಡುನಡುವೆ ಉಪವಾಸ. ನಾನು ಬಿಚ್ಚುವುದು, ಮತ್ತೆ ಒಳಗೆ ಹಿಡಿದು ಹೊಲಿಯುವುದು, ಇದೇ ಆಯಿತು.

ಸುಂದರಾ ನೋಡುತ್ತಿದ್ದವಳು ಒಂದು ದಿನ ಮಶೀನು ನಿಲ್ಲಿಸಿದಳು. "ಅಕ್ಕಾರ, ದಾರದಿಂದ ಮನಸ್ಯಾರ್ನ ಕಟ್ಟಾಕ ಬರತಿದ್ರ ನನ್ನ ಗಂಡನ್ನ ನಾ ಯಾವಾಗ್ಲೋ ಈ ಮಶೀನಿಗಿ ಕಟ್ಟತಿದ್ನಿರಿ."

"ನಿನ್ನ ಗಂಡನ ಸುದ್ದಿ ಕೇಳಿಲ್ಲ ನಾ. ಕಾಲ ಆಡಸ."

"ಆಡಸ್ತೀನ್ರಿ. ಸಿಟ್ಟ ಮಾಡಬ್ಯಾಡ್ರಿ. ಹುಡುಗಿ ಮುಖ ನೋಡ್ರಿ, ಅಳವಲ್ದು. ಅಳಾಕತ್ತಿದ್ರ ತಿರುಗಸಾಕ ಬರತಿತ್ತು."

ಅವತ್ತು ಸಂಜೆಯವರೆಗೆ ನಾನು ಸುಂದರಾಳ ಕೂಡ ಮಾತು ಬಿಟ್ಟೆ. ಅವಳು ಹೇಳಿದ್ದು ಸುಳ್ಳಾಗಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ಗ್ಯಾದರಿಂಗಿನ ದಿನ ಒಂದು ವರ್ಗದ ಕೋಣೆಯನ್ನೇ ತಯಾರಾಗಲು ಕೊಟ್ಟಿದ್ದರು. ಬೆಂಚುಗಳ ಮೇಲೆಲ್ಲ ಪೌಡರು, ಪಿನ್ನು, ಬಳೆ, ಹುಡುಗಿಯರ ಕಿರಿಚಾಟ. ಎಲ್ಲರದೂ ಮುಗಿದ ಮೇಲೆ ಪ್ರಾಜಕ್ತಾ ಬಂದು ನನ್ನ ಮುಂದೆ ನಿಂತಳು. ದಾರ ಹರಿದು ಕೊಟ್ಟೆ, ಕಚ್ಚಿದಳು. ಟಾಕಾ ಹಾಕಿದೆ. ಅಂಗೈ ಒಡ್ಡಿ "ಉಗಳ" ಎಂದೆ. ಉಗುಳಿ ಓಡಿದಳು, ಚಿಕ್ಕಂದಿನಲ್ಲಿ ಓಡಿದ ಹಾಗೆಯೇ.

ಅವಳು ಕುಣಿದದ್ದನ್ನು ಹೇಳಲು ನನಗೆ ಬರುವುದಿಲ್ಲ. ನನಗೆ ಅರಿವೆಯ ಮಾತು ಗೊತ್ತು. ಕಳಿಗಳೆಲ್ಲ ಬಿಚ್ಚಿಕೊಂಡು ಸ್ಟೇಜಿನ ತುಂಬ ಕೆಂಪು ಹರಿಯಿತು, ಜರಿಯ ಅಂಚು ಒಮ್ಮೆಯೂ ಕಾಲಿಗೆ ತೊಡರಲಿಲ್ಲ. ಹುಡುಗರು ಸೀಟಿ ಹೊಡೆಯುವುದನ್ನು ಮರೆತು ಕೂತಿದ್ದರು. ಮುಗಿದ ಮೇಲೆ "ವನ್ಸ್ ಮೋರ್" ಎಂದು ಕೂಗು ಶುರುವಾಯಿತು. ಒಳಗೆ ಬಂದವಳು ಏದುಸಿರು ಬಿಡುತ್ತ ಕನ್ನಡಿಯಲ್ಲಿ ತನ್ನನ್ನು ಒಂದು ಗಳಿಗೆ ನೋಡಿಕೊಂಡಳು. ನಾನು ಆ ನೋಟವನ್ನು ಹಿಡಿದೆ. ಹೆಣ್ಣುಮಕ್ಕಳು ಹೊಸ ಡ್ರೆಸ್ಸಿನಲ್ಲಿ ನೋಡಿಕೊಳ್ಳುವ ಆ ನೋಟ ನನಗೆ ಗೊತ್ತು, ಅದರ ಮೇಲೆಯೇ ನನ್ನ ಹೊಟ್ಟೆ ತುಂಬುತ್ತದೆ. "ಅವ್ವಾ, ಇನ್ನೊಂದ ಸಲ ಹೋಗ್ಲ್ಯಾ?" ಎಂದು ಕೇಳಿದಳು. ಹೋಗು ನನ್ನವ್ವಾ, ಹೋಗು ಎಂದೆ. ಗೆದ್ದೆ ಎಂದುಕೊಂಡೆ. ಬರುವಾಗ ಗಾಡಿಯಲ್ಲಿ ಸುಂದರಾಳ ತೊಡೆ ಚಿವುಟಿದೆ.

ಮರುದಿನ ಬೆಳಿಗ್ಗೆ ಹೋಳಿಗೆ ಮಾಡಬೇಕೆಂದು ಕಡಲೆಬೇಳೆ ಕುದಿಯಲು ಇಟ್ಟಿದ್ದೆ. ಗಂಡ ಆಶ್ಚರ್ಯದಿಂದ ನೋಡಿ ಯಾವ ಹಬ್ಬವೆಂದು ಕೇಳಿದರು. "ನಮ್ಮ ಮನಿ ಹಬ್ಬ" ಎಂದೆ. ಅಷ್ಟರಲ್ಲಿ ಪ್ರಾಜಕ್ತಾ ಆ ಕೆಂಪು ಡ್ರೆಸ್ಸನ್ನು ನೀಟಾಗಿ ಮಡಿಚಿ ಎದೆಗೆ ಹಿಡಿದುಕೊಂಡು ಅಡುಗೆಮನೆಯ ಬಾಗಿಲಿಗೆ ಬಂದಳು. ಮುಖದ ಮೇಲೆ ನಿನ್ನೆಯ ಕಾಡಿಗೆ ಇನ್ನೂ ಸ್ವಲ್ಪ ಇತ್ತು.

"ಅವ್ವಾ, ನಿನ್ನಿ ಕುಣದ್ನಲ್ಲ, ಹೊಟ್ಟಿ ತುಂಬಿತವ್ವಾ. ಇನ್ನ ಏನೂ ಉಳದಿಲ್ಲ."

ನನಗೆ ಅರ್ಥವಾಗಲಿಲ್ಲ, ಅಥವಾ ಅರ್ಥ ಮಾಡಿಕೊಳ್ಳಲು ಮನಸ್ಸು ಬರಲಿಲ್ಲ.

"ದೀಕ್ಷಾ ಮೆರವಣಿಗಿಗಿ ನಾ ಇದನ್ನ ಹಾಕ್ಕೋತೀನಿ" ಎಂದಳು.

ನಮ್ಮಲ್ಲಿ ದೀಕ್ಷೆಗೆ ಹೊರಟ ಹುಡುಗಿಯನ್ನು ಮೊದಲು ಮದುಮಗಳ ಹಾಗೆ ಸಿಂಗರಿಸುತ್ತಾರೆ. ಮದರಂಗಿ ಹಚ್ಚಿ, ಉಡಿ ತುಂಬಿ, ಊರೆಲ್ಲ ಮೆರೆಸಿ, ಆಮೇಲೆ ಅದನ್ನೆಲ್ಲ ಕಳಚಿ ಬಿಳಿ ಉಡಿಸುತ್ತಾರೆ. ನಾನು ಬೇಳೆಯ ಸೌಟನ್ನು ಹಿಡಿದುಕೊಂಡೇ ನಿಂತಿದ್ದೆ.

"ಬ್ಯಾರೇ ಯಾವದರೆ ಹಾಕ್ಕೋ. ಟ್ರಂಕ ತುಂಬ ಅದಾವು. ಇದನ್ನ ಬ್ಯಾಡ."

"ಬಿಡೋದಾದ್ರ ಚಲೋದ್ನ ಬಿಡಬೇಕಲ್ಲವ್ವಾ? ಹಳೇದ ಹರಕ ಬಿಟ್ಟ ಹೋದ್ರ ಅದೇನ ಬಿಟ್ಟಂಗ? ಇದರಕ್ಕಿಂತ ಚಲೋದ ನನ್ನ ಹತ್ರ ಯಾವದೂ ಇಲ್ಲ."

ಬೇಳೆ ಉಕ್ಕಿ ಒಲೆಯ ಮೇಲೆ ಚೆಲ್ಲಿತು. ಅವಳೇ ಬಂದು ಗ್ಯಾಸು ಸಣ್ಣ ಮಾಡಿದಳು. ಹಿಡಿದು ನಿಲ್ಲಿಸಲೆಂದು ಹಗಲೂ ರಾತ್ರಿ ಕೂತು ಹೊಲಿದೆ. ಅವಳಿಗೆ ಬಿಟ್ಟು ಹೋಗಲು ಒಳ್ಳೆಯದೇನೂ ಇರಲಿಲ್ಲ, ಅದನ್ನು ನಾನೇ ಹೊಲಿದು ಕೊಟ್ಟ ಹಾಗಾಯಿತು. ನಾನು ಮಾತು ಕೊಟ್ಟಿದ್ದೆ. ನೆಲಕ್ಕೆ ಕೂತು ಬಾಯಿ ಬಿಟ್ಟು ಅತ್ತೆ. ಹೋಳಿಗೆಯನ್ನು ಆಮೇಲೆ ಗಂಡ ಒಬ್ಬರೇ ಉಂಡರು.

ದೀಕ್ಷೆಯ ದಿನ ಬೆಳಿಗ್ಗೆ ಅವಳನ್ನು ತಯಾರು ಮಾಡಿದವಳೂ ನಾನೇ. ಬೇರೆಯವರು ಮುಂದೆ ಬಂದರೆ ಕೈ ಕೊಡವಿದೆ. ಡ್ರೆಸ್ಸು ಮತ್ತೆ ಸಡಿಲವಾಗಿತ್ತು. ಅಭ್ಯಾಸದಂತೆ ದಾರ ಹರಿದು ಅವಳ ಬಾಯಿಯ ಹತ್ತಿರ ಒಯ್ದೆ.

"ಇವತ್ತ ನಂದು ಉಪವಾಸವ್ವಾ. ಬಾಯಾಗ ಏನೂ ಹಾಕೂವಂಗಿಲ್ಲ."

ಬರಿ ಬಾಯಲ್ಲಿ ಅವಳನ್ನು ಹೊಲಿಯಲು ನನಗೆ ಧೈರ್ಯವಾಗಲಿಲ್ಲ, ಅತ್ತೆಯ ಮಾತು ಕಿವಿಯಲ್ಲೇ ಇತ್ತು. ಆ ದಾರವನ್ನು ನನ್ನ ಬಾಯಲ್ಲಿ ಇಟ್ಟುಕೊಂಡೆ. ಆಮೇಲೆ ಹೊಲಿದೆ. ಒಂದೆಳೆಯಲ್ಲಿ ಹೊಲಿಯುವಲ್ಲಿ ಎರಡೆಳೆ ಹಾಕಿದೆ. ನಾಲ್ಕು ಟಾಕಾ ಹಾಕುವಲ್ಲಿ ಸೊಂಟದ ಸುತ್ತಲೂ ಹಾಕಿದೆ, ಬೆನ್ನಿನುದ್ದಕ್ಕೂ ಹಾಕಿದೆ, ಗಂಟಿನ ಮೇಲೆ ಗಂಟು ಹಾಕಿದೆ. ನಾನು ಏನು ಮಾಡುತ್ತಿದ್ದೇನೆಂದು ನನಗೆ ಗೊತ್ತಿತ್ತು. ದಾರದ ಉಂಡೆ ಹಿಡಿದು ನಿಂತ ಸುಂದರಾಳಿಗೂ ಗೊತ್ತಿತ್ತು.

ಊರಿಗೆಲ್ಲ ಅವತ್ತು ಹಬ್ಬ. ಸಾರೋಟಿನಲ್ಲಿ ನನ್ನ ಮಗಳು ಕೆಂಪಗೆ ಹೊಳೆಯುತ್ತ ಕೂತಿದ್ದಳು. ಬ್ಯಾಂಡಿನವರು ಬಾರಿಸಿದರು, ಹೆಂಗಸರು ಕುಣಿದರು, ಜನ ಅವಳ ಕಾಲು ಮುಟ್ಟಲು ನೂಕಾಡಿದರು. ಡ್ರೆಸ್ಸು ಎಲ್ಲಿ ಹೊಲಿಸಿದ್ದೆಂದು ಯಾರೋ ನನ್ನ ಹಿಂದೆಯೇ ಕೇಳುತ್ತಿದ್ದರು. ನಾನು ತುಟಿ ಬಿಚ್ಚಲಿಲ್ಲ, ದಾರ ಬಾಯಲ್ಲೇ ಇತ್ತು.

ಮಂಟಪದಲ್ಲಿ ಅವಳು ಎಲ್ಲರಿಗೂ ಕೈ ಜೋಡಿಸಿ ತಪ್ಪಾಗಿದ್ದರೆ ಕ್ಷಮಿಸಿರಿ ಎಂದು ಬೇಡಿಕೊಂಡಳು. ಆಚಾರ್ಯರು ನಮ್ಮಿಬ್ಬರ ಕಡೆ ತಿರುಗಿ ಒಪ್ಪಿಗೆ ಇದೆಯೇ ಎಂದು ಮೆತ್ತಗೆ ಕೇಳಿದರು. ಗಂಡ ಕೈ ಮುಗಿದು ಇದೆ ಎಂದರು. ಮೈಕು ನನ್ನ ಮುಖದ ಹತ್ತಿರ ಬಂತು. ಇಲ್ಲ ಎನ್ನಬೇಕೆಂದು ನಾಲಿಗೆ ಒಳಗೇ ಹೊರಳಿತು. ಪ್ರಾಜಕ್ತಾ ನನ್ನನ್ನೇ ನೋಡುತ್ತಿದ್ದಳು, ಸ್ಟೇಜಿಗೆ ಹೋಗುವ ಮೊದಲು ನೋಡುತ್ತಿದ್ದ ಹಾಗೆ. ನಾನು ಬಾಯಿ ತೆರೆಯದೆ ಹೌದೆಂದು ಗೋಣು ಹಾಕಿದೆ. ಜನ ಜಯಘೋಷ ಮಾಡಿದರು.

ಅವಳನ್ನು ಬಿಳಿ ಉಡಿಸಲು ಮಂಟಪದ ಹಿಂದೆ ಪರದೆ ಕಟ್ಟಿದ್ದರು. ಆರ್ಯಿಕೆಯರು, ನಾಲ್ಕಾರು ಹೆಂಗಸರು ಒಳಗೆ ಹೋದರು. ಬಹಳ ಹೊತ್ತಾಯಿತು. ಮುಹೂರ್ತ ಮೀರುತ್ತದೆ ಎಂದು ಗಂಡಸರು ಗಡಿಬಿಡಿ ಮಾಡತೊಡಗಿದರು. ಒಬ್ಬ ಹೆಂಗಸು ಹೊರಗೆ ಬಂದು, "ಬಿಚ್ಚಾಕ ಬರವಲ್ದರಿ, ಹೆಂಗ ಹೊಲದಾರೇನ! ಕತ್ರಿ ಐತೇನ್ರಿ ಯಾರ ಹತ್ರ?" ಎಂದಳು. ಒಳಗಿನಿಂದ ಪ್ರಾಜಕ್ತಾಳ ದನಿ ಕೇಳಿಸಿತು. "ಕತ್ರಿ ಬ್ಯಾಡ. ನಮ್ಮವ್ವನ್ನ ಕರೀರಿ."

ಕತ್ತರಿ ನನ್ನ ಸೊಂಟದ ಚೀಲದಲ್ಲಿಯೇ ಇರುತ್ತದೆ. ಒಳಗೆ ಹೋದೆ. ಬೆನ್ನು ತಿರುಗಿಸಿ ನಿಂತಿದ್ದಳು. ಬಳೆ, ಸರ, ಜುಮಕಿ ಎಲ್ಲ ಆಗಲೇ ಒಂದು ತಾಟಿನಲ್ಲಿದ್ದವು.

"ಎಷ್ಟ ಗಟ್ಟಿ ಹೊಲದೀಯವ್ವಾ" ಎಂದು ನಕ್ಕಳು. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಮೊಣಕಾಲೂರಿ ಕೂತು ಒಂದೊಂದೇ ಟಾಕಾ ಕತ್ತರಿಸಿದೆ. ಮೈಗೆ ತಾಗಬಾರದೆಂದು ಎಡಗೈಯ ಬೆರಳನ್ನು ಒಳಗಿಟ್ಟು ಕತ್ತರಿಸಿದೆ. ಬೆರಳಿಗೆ ಅವಳ ಬೆನ್ನಿನ ಬಿಸಿ ಹತ್ತುತ್ತಿತ್ತು. ಸೊಂಟದ ಕೊನೆಯ ಗಂಟಿಗೆ ಬಂದಾಗ ಕೈ ನಿಂತುಬಿಟ್ಟಿತು. ಅವಳು ತಿರುಗಿ ನನ್ನ ಮುಖ ನೋಡಿದಳು. ತುಟಿಯ ಅಂಚಿನಲ್ಲಿ ದಾರದ ತುದಿ ಕಂಡಿರಬೇಕು.

"ನನ್ನ ಪಾಲಿಂದ ನೀ ಕಚ್ಚೀಯೇನ?"

ಮದರಂಗಿಯ ಅಂಗೈಯನ್ನು ನನ್ನ ಗದ್ದದ ಕೆಳಗೆ ಒಡ್ಡಿದಳು. "ಉಗಳ ಅವ್ವಾ" ಎಂದಳು.

ಕೊಡುವುದಿಲ್ಲವೆಂದು ತಲೆಯಾಡಿಸಿದೆ. ಅವಳು ಅಂಗೈ ಒಡ್ಡಿಕೊಂಡೇ ಸ್ವಲ್ಪ ಹೊತ್ತು ನಿಂತಳು. ಹೊರಗೆ ಯಾರೋ ಮುಹೂರ್ತ, ಮುಹೂರ್ತ ಎಂದು ಕೂಗಿದರು. "ಹೊತ್ತಾತವ್ವಾ" ಎಂದಳು. ಗಂಟನ್ನು ಕತ್ತರಿಸಿದೆ. ಕೆಂಪು ಡ್ರೆಸ್ಸು ಅವಳ ಕಾಲಿನ ಸುತ್ತ ಕುಸಿಯಿತು. ಅದನ್ನು ಬಾಚಿ ಎತ್ತಿಕೊಂಡು ಹೊರಗೆ ಬಂದೆ.

ಅವಳು ಬಿಳಿ ಸೀರೆಯಲ್ಲಿ ಬಂದಳು. ತಲೆಗೂದಲು ಕೀಳುವಾಗ ನಾನು ಡ್ರೆಸ್ಸಿನಲ್ಲಿ ಮುಖ ಹುದುಗಿಸಿಕೊಂಡಿದ್ದೆ. ಬೇರೆ ಹೆಸರಿಟ್ಟರು. ಆಮೇಲೆ ಎಲ್ಲರೂ ಸಾಲಾಗಿ ಹೋಗಿ ಬಾಯಿಬಿಟ್ಟು ವಂದನೆ ಹೇಳಿ ನಮಸ್ಕಾರ ಮಾಡಬೇಕೆಂದರು. ಮೊದಲು ಮನೆಯವರು ಎಂದು ನನ್ನನ್ನೇ ಮುಂದೆ ದಬ್ಬಿದರು. ಅವಳು ಕೈಯಲ್ಲಿ ನವಿಲುಗರಿಯ ಪಿಂಛಿ ಹಿಡಿದು, ಎಲ್ಲರ ತಾಯಂದಿರನ್ನು ನೋಡುವ ಹಾಗೆ ನನ್ನನ್ನು ನೋಡುತ್ತ ಕೂತಿದ್ದಳು.

ಆಗ ಬಾಯಿ ತೆರೆಯಲೇಬೇಕಾಯಿತು. ದಾರವನ್ನು ನನ್ನ ಅಂಗೈಗೆ ನಾನೇ ಉಗುಳಿಕೊಂಡು, "ವಂದಾಮಿ ಮಾತಾಜಿ" ಎಂದೆ.